ತಂಗಿ ವಾಹಕಳಾಗುವ ಸಾಧ್ಯತೆ 1/2 ಅಲ್ಲ, 2/3 ಯಾಕೆ?
ನಿಮ್ಮ ಪ್ರಶ್ನೆ ಇದು: ಅಪ್ಪ ಅಮ್ಮನಿಗೆ ಆಲ್ಬಿನಿಸಂ (ಚರ್ಮ, ಕೂದಲಿನ ಬಣ್ಣ ಕಡಿಮೆ ಇರುವ ಆನುವಂಶಿಕ ಸ್ಥಿತಿ) ಇಲ್ಲ, ಅಣ್ಣನಿಗಿದೆ, ತಂಗಿಗಿಲ್ಲ; ಹಾಗಾದರೆ ತಂಗಿ ವಾಹಕಳಾಗುವ, ಅಂದರೆ ತನಗೆ ಆಲ್ಬಿನಿಸಂ ಇಲ್ಲದಿದ್ದರೂ ಅದರ ಜೀನ್ ಹೊತ್ತಿರುವ, ಸಾಧ್ಯತೆ ಎಷ್ಟು? ನಿಮಗೆ 1/2 ಬಂದಿದೆ, ಪುಸ್ತಕದಲ್ಲಿ 2/3 ಇದೆ. ನೀವು ಬಹುಶಃ ಪನ್ನೆಟ್ ಚೌಕದ (ಅಪ್ಪ ಅಮ್ಮನಿಂದ ಮಕ್ಕಳಿಗೆ ಬರಬಹುದಾದ ಜೀನ್ ಜೋಡಿಗಳನ್ನು ತೋರಿಸುವ ಕೋಷ್ಟಕ) ನಾಲ್ಕೂ ಮನೆಗಳನ್ನು ಎಣಿಸಿದ್ದೀರಿ. ನೀವು ಬರೆದ ಚೌಕವನ್ನು ಪ್ರಶ್ನೆಯ ಜೊತೆ ಹಾಕಿಲ್ಲ, ಹಾಗಾಗಿ ಇದು ಊಹೆ. ಪುಸ್ತಕದ 2/3 ಸರಿಯಾಗಿದೆ.

ಮೊದಲು ಅಪ್ಪ ಅಮ್ಮನನ್ನು ನೋಡಿ. ಇಬ್ಬರಿಗೂ ಆಲ್ಬಿನಿಸಂ ಇಲ್ಲ, ಮಗನಿಗಿದೆ. ಇದು ದುರ್ಬಲ ಗುಣ (ಜೀನ್‌ನ ಎರಡೂ ಪ್ರತಿಗಳು ಆಲ್ಬಿನಿಸಂನದ್ದಾದರೆ ಮಾತ್ರ ಕಾಣಿಸುತ್ತದೆ), ಆದ್ದರಿಂದ ಅವನಿಗೆ ಇಬ್ಬರಿಂದಲೂ ‘ಸಣ್ಣ ಎ’ (a, ಆಲ್ಬಿನಿಸಂ ತರುವ ಪ್ರತಿ) ಬಂದಿರಲೇಬೇಕು. ಅಂದರೆ ಇಬ್ಬರೂ ವಾಹಕರು: ಒಂದು ದೊಡ್ಡ ಎ (A, ಸಾಮಾನ್ಯ ಪ್ರತಿ), ಒಂದು ಸಣ್ಣ ಎ.

ಈಗ ಪನ್ನೆಟ್ ಚೌಕ ಬರೆಯಿರಿ. ಎರಡೂ ದೊಡ್ಡ ಇರುವ ಮನೆ 1, ಮಿಶ್ರ 2, ಎರಡೂ ಸಣ್ಣ 1. ಜಾಸ್ತಿ ಜನ ಎಡವೋದು ಇಲ್ಲೇ. ತಂಗಿಗೆ ಆಲ್ಬಿನಿಸಂ ಇಲ್ಲ ಅಂತ ಪ್ರಶ್ನೆಯೇ ಹೇಳಿದೆ ಅಲ್ವಾ? ಹಾಗಾದರೆ ಕೊನೆಯ ಮನೆಯನ್ನು ಹೊಡೆದು ಹಾಕಿ. ಉಳಿದ 3ರಲ್ಲಿ ಮಿಶ್ರ 2.

ಇನ್ನೂ ಹುಟ್ಟದ ಮಗುವಿನ ಬಗ್ಗೆ ಕೇಳಿದ್ದರೆ ನಿಮ್ಮ 1/2 ಸರಿಯೇ, ಯಾಕಂದ್ರೆ ಅಲ್ಲಿ ಯಾವ ಮನೆಯನ್ನೂ ತೆಗೆಯೋ ಹಾಗಿಲ್ಲ. (ವಾಸ್ತವದಲ್ಲಿ ಆಲ್ಬಿನಿಸಂಗೆ ಬೇರೆ ಬೇರೆ ಜೀನ್‌ಗಳು ಕಾರಣ ಆಗಬಹುದು. ಈ ಲೆಕ್ಕಕ್ಕೆ ಅದು ಬೇಡ.)

ಪ್ರಶ್ನೆಯ ಮುಂದಿನ ಭಾಗ, ತಂಗಿಯ ಗಂಡನೂ ವಾಹಕನಾದರೆ ಅವರ ಮಗುವಿಗೆ ಆಲ್ಬಿನಿಸಂ ಬರೋ ಸಾಧ್ಯತೆ: ತಂಗಿ ವಾಹಕಳಾಗಿರಲು 2/3, ಇಬ್ಬರೂ ವಾಹಕರಾದರೆ ಮಗುವಿಗೆ ಎರಡೂ ಸಣ್ಣ ಎ ಬರಲು 1/4, ಹಾಗಾಗಿ 2/3 × 1/4 = 1/6.