"ಇಲ್ಲಿ ಸರ್ ಸೊನ್ನೆ ಹಾಕ್ತಾರೆ"

ಟ್ಯಾಬ್ ಕೊಡಿಸಿದ ಮೇಲೆ ಮಾರ್ಕ್ಸ್ ಇಳಿಯಿತು ಎಂಬ ದೂರು ಮಲೆನಾಡಿನ ಮನೆಗಳಿಂದ ನನ್ನ ಬಳಿ ಮೇಲಿಂದ ಮೇಲೆ ಬರುತ್ತದೆ. ಅಪ್ಪ ಅಮ್ಮನ ಅನುಮಾನ ಗೇಮು, ರೀಲ್ಸ್ ಮೇಲೆ. ಹೊಸನಗರ ಕಡೆಯ ಈ ಹುಡುಗನದು ಅದಲ್ಲ. (ಗುರುತು ಸಿಗುವ ವಿವರ ಬದಲಿಸಿದೆ.)

ಮೊದಲ ಪಿಯುಸಿ, ವಿಜ್ಞಾನ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಸಂಜೆ ಗುಡ್ಡ ಹತ್ತಿ ಪಾಠದ ವೀಡಿಯೋ ಇಳಿಸಿಕೊಂಡು, ರಾತ್ರಿ ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಿದ್ದ. ಟ್ಯಾಬ್ ಎಷ್ಟು ಹೊತ್ತು ಬಳಸಿದ್ದೇವೆಂದು ತೋರಿಸುವ ಡಿಜಿಟಲ್ ವೆಲ್‌ಬೀಯಿಂಗ್ ತೆರೆಸಿ ನೋಡಿದರೆ ದಿನಕ್ಕೆ ನಾಲ್ಕು ಗಂಟೆ. ಹಿಸ್ಟರಿಯಲ್ಲಿ ಬರೀ ಪಾಠ.

"ಎಂತ ಮಾಡೋದು ಮೇಡಂ, ಕಸಿದು ಅಟ್ಟಕ್ಕೆ ಹಾಕ್ಲಾ?" ಎಂದರು ಅಪ್ಪ.

ಎರಡನೇ ಭೇಟಿಯಲ್ಲಿ ಟ್ಯಾಬ್ ಬದಿಗಿಡಿಸಿ, ಅವನೇ ಹಿಂದಿನ ರಾತ್ರಿ ನೋಡಿದ್ದ ಲೆಕ್ಕ ಕೊಟ್ಟೆ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದ ಚೆಂಡು ಎಷ್ಟು ಎತ್ತರ ಹೋಗುತ್ತದೆ? ಗುರುತ್ವ ವೇಗೋತ್ಕರ್ಷ 10 ಎಂದಿಟ್ಟುಕೋ. ಸೂತ್ರ ಬರೆದ, ಕೊನೆಯ ವೇಗಕ್ಕೆ ಸೊನ್ನೆ ಹಾಕಿದ, 20 ಮೀಟರ್ ಎಂದ. ಸರಿಯೇ.

"ಸೊನ್ನೆ ಯಾಕೆ?"

"ಇಲ್ಲಿ ಸರ್ ಸೊನ್ನೆ ಹಾಕ್ತಾರೆ."

15 ಮೀಟರ್ ಎತ್ತರದಲ್ಲಿ ಅದೇ ಚೆಂಡಿನ ವೇಗ ಎಷ್ಟು ಎಂದೆ. ಮತ್ತೆ ಸೊನ್ನೆಯನ್ನೇ ಬರೆದು ಪೆನ್ನು ಕೆಳಗಿಟ್ಟ. (ಉತ್ತರ ಸೆಕೆಂಡಿಗೆ 10 ಮೀಟರ್.) "ನೋಡೋವಾಗ ಎಲ್ಲಾ ಗೊತ್ತಾಗುತ್ತೆ ಮೇಡಂ."

ಇಡೀ ಕಾಯಿಲೆ ಆ ಮಾತಿನಲ್ಲಿತ್ತು. ಬೇರೆಯವರ ಕೈ ಸರಾಗವಾಗಿ ಬರೆಯುವುದನ್ನು ನೋಡಿ ನಮಗೇ ಬರುತ್ತದೆ ಅನ್ನಿಸಿಬಿಡುತ್ತದೆ. ವೇಗ ಹೆಚ್ಚಿಸಿದರೆ ಅನುಮಾನ ಏಳಲೂ ಪುರುಸೊತ್ತಿಲ್ಲ.

ಅಟ್ಟಕ್ಕೆ ಹಾಕುವುದು ಬೇಡವೆಂದೆ. ಅಪ್ಪನಿಗೆ ಅದು ಹಿಡಿಸಲಿಲ್ಲ. ಆದರೆ ಹತ್ತಿರದಲ್ಲಿ ಟ್ಯೂಷನ್ ಇಲ್ಲದ ಊರಲ್ಲಿ ಅದನ್ನೂ ಕಿತ್ತುಕೊಂಡರೆ ಅನುಮಾನ ಕೇಳಲು ಯಾರಿದ್ದಾರೆ? ಲಾಕ್ ಹಾಕಿಸುವುದೂ ಬೇಡ. ಆ್ಯಪ್ ಟೈಮರನ್ನು ಹುಡುಗ ತಾನೇ ತೆಗೆಯಬಲ್ಲ, ಅದು ಕಾವಲಲ್ಲ.

ಬದಲಿಗೆ ಹೇಳಿದ್ದಿಷ್ಟು: ದಿನಕ್ಕೆ ಎರಡೇ ವೀಡಿಯೋ, ಮಾಮೂಲಿ ವೇಗದಲ್ಲಿ, ಏರೋಪ್ಲೇನ್ ಮೋಡ್ ಹಾಕಿ, ಆಟೋಪ್ಲೇ ಆಫ್ ಮಾಡಿ. ಮೇಷ್ಟ್ರು ಪ್ರಶ್ನೆ ಬರೆದ ಕೂಡಲೇ ನಿಲ್ಲಿಸಿ ಹತ್ತು ನಿಮಿಷ ತಾನೇ ಪ್ರಯತ್ನಿಸಬೇಕು, ತಪ್ಪಾದರೂ ಅಳಿಸಬಾರದು. ಆಮೇಲೆ ಪ್ಲೇ. ಮರುದಿನ ಬೆಳಿಗ್ಗೆ ಸಂಖ್ಯೆ ಬದಲಿಸಿ ಅದೇ ಲೆಕ್ಕ, ಟ್ಯಾಬ್ ಮುಟ್ಟದೆ. ಪಠ್ಯಪುಸ್ತಕದ ಪಿಡಿಎಫ್ ಬೇಡ, ಅಚ್ಚಿನ ಪುಸ್ತಕವೇ ಇರಲಿ: ಎಂಟು ಇಂಚಿನ ಪರದೆಯಲ್ಲಿ ಹಿಗ್ಗಿಸಿದರೆ ಚಿತ್ರ ಒಂದು ಕಡೆ, ವಿವರಣೆ ಇನ್ನೊಂದು ಕಡೆ.

ಮೂರು ವಾರದ ನಂತರ ನೋಟ್‌ಬುಕ್ ತಂದ. ಪುಟದ ತುಂಬ ತಪ್ಪುಗಳು. ಒಂದು ಸೊನ್ನೆಯ ಪಕ್ಕ ಸಣ್ಣಕ್ಷರದಲ್ಲಿ ಬರೆದಿದ್ದ: "ತುದಿಯಲ್ಲಿ ಮಾತ್ರ." ಕೆಮಿಸ್ಟ್ರಿ ಮಾತ್ರ ಇನ್ನೂ ಒಂದೂವರೆ ಪಟ್ಟು ವೇಗದಲ್ಲೇ ನೋಡುತ್ತಾನಂತೆ.