ಸ್ಪಾರಿಂಗ್‌ನಲ್ಲಿ ತಲೆಗೆ ಪೆಟ್ಟು ಬಿದ್ದಿದೆ, ಮಾಸ್ಟರ್ ಈ ಶನಿವಾರ ಬಾ ಅಂತಿದ್ದಾರೆ. ಹೋಗಬೇಕಾ, ಬಿಟ್ಟುಬಿಡಬೇಕಾ?

ನೀವು ಬರೆದದ್ದು ಇಷ್ಟು: ವಯಸ್ಸು 34, ಎಂಟು ತಿಂಗಳಿಂದ ಕಿಕ್‌ಬಾಕ್ಸಿಂಗ್ ಕ್ಲಾಸಿಗೆ ಹೋಗುತ್ತಿದ್ದೀರಿ. ಹೋದ ಶನಿವಾರ ಸ್ಪಾರಿಂಗ್‌ನಲ್ಲಿ, ಅಂದರೆ ಜೋಡಿಯಾಗಿ ನಿಂತು ಹೊಡೆದಾಡುವ ಅಭ್ಯಾಸದಲ್ಲಿ, ದವಡೆಗೆ ಹುಕ್ (ಪಕ್ಕದಿಂದ ಬೀಸುವ ಗುದ್ದು) ಬಿದ್ದು ಕಣ್ಣು ಕತ್ತಲೆ ಕಟ್ಟಿತು. ನಾಲ್ಕು ದಿನವಾದರೂ ತಲೆಭಾರ ಇಳಿದಿಲ್ಲ, ಲ್ಯಾಪ್‌ಟಾಪ್ ನೋಡಿದರೆ ಹೆಚ್ಚಾಗುತ್ತದೆ. ಮಾಸ್ಟರ್ ಮಾತ್ರ "ನಾಲ್ಕು ಏಟು ತಿಂದರೇನೇ ಗಟ್ಟಿಯಾಗೋದು" ಅಂದಿದ್ದಾರೆ.

ಈ ಶನಿವಾರ ಖಂಡಿತ ಹೋಗಬೇಡಿ. ಕಲಿಯೋದನ್ನೇ ಬಿಡಬೇಕಾಗಿಲ್ಲ, ಆದರೆ ಮೊದಲು ಡಾಕ್ಟರಿಗೆ ತೋರಿಸಿ. ನಾನು ವೈದ್ಯನಲ್ಲ. ದಾವಣಗೆರೆಯಲ್ಲಿ ಕರಾಟೆ, ಬೆಂಗಳೂರಿಗೆ ಬಂದ ಮೇಲೆ ಕಿಕ್‌ಬಾಕ್ಸಿಂಗ್, ಹೀಗೆ ಹದಿನಾಲ್ಕು ವರ್ಷ ಮ್ಯಾಟ್ ಮೇಲೆ ಕಳೆದವನು. ಈಗ ವಾರಕ್ಕೆರಡು ದಿನ ಹೊಸಬರಿಗೆ ಹೇಳಿಕೊಡುತ್ತೇನೆ.

ವಾಂತಿ ಮೇಲಿಂದ ಮೇಲೆ ಆದರೆ, ತಲೆನೋವು ಗಂಟೆಗಂಟೆಗೂ ಏರುತ್ತಿದ್ದರೆ, ಮಾತು ತೊದಲಿದರೆ, ಕೈ ಅಥವಾ ಕಾಲಿನ ಬಲ ಕುಂದಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳಲಾಗದಂಥ ಮಂಪರು ಬಂದರೆ ಇದನ್ನು ಓದುತ್ತ ಕೂರಬೇಡಿ, ತುರ್ತು ಚಿಕಿತ್ಸೆಗೆ ಹೋಗಿ. ಅವು ಯಾವುದೂ ಇಲ್ಲದಿದ್ದರೂ ನೀವು ಹೇಳಿದ ಲಕ್ಷಣಗಳು ಕನ್‌ಕಷನ್‌ನಂತೆಯೇ ಕಾಣುತ್ತಿವೆ, ಅಂದರೆ ಏಟಿನ ರಭಸಕ್ಕೆ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗುವುದು. ಸಿಟಿ ಸ್ಕ್ಯಾನ್ ನಾರ್ಮಲ್ ಬಂದರೂ ನಿರಾಳರಾಗಬೇಡಿ. ಆ ಸ್ಕ್ಯಾನ್ ನೋಡುವುದು ರಕ್ತಸ್ರಾವ, ಮೂಳೆ ಬಿರುಕು ಇಂಥದ್ದನ್ನು. ಕನ್‌ಕಷನ್ ಅದರಲ್ಲಿ ಕಾಣುವುದಿಲ್ಲ.

ಇನ್ನು ಆ "ಗಟ್ಟಿಯಾಗೋದು" ಅನ್ನುವ ಮಾತು. ಮೊಣಕಾಲಿನ ಕೆಳಗಿನ ಮೂಳೆ ಗಟ್ಟಿಯಾಗುತ್ತದೆ, ನಿಜ. ವರ್ಷಗಟ್ಟಲೆ ಬ್ಯಾಗ್ ಒದ್ದರೆ ಮೂಳೆ ಆ ಭಾರಕ್ಕೆ ಒಗ್ಗುತ್ತದೆ, ಗೆಣ್ಣಿನ ಚರ್ಮ ದಪ್ಪವಾಗುತ್ತದೆ. ಮಿದುಳಿಗೆ ಆ ಗುಣವಿಲ್ಲ. ದವಡೆಗೆ ಅಡ್ಡಲಾಗಿ ಬಿದ್ದ ಹುಕ್ ತಲೆಯನ್ನು ಗಕ್ಕನೆ ತಿರುಗಿಸುತ್ತದೆ, ಒಳಗಿನ ಮಿದುಳು ತಿರುಚಿದಂತಾಗುತ್ತದೆ. ಅದು ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಏಟು ಬಿದ್ದರೆ, ಅದು ಸಣ್ಣದೇ ಆಗಿದ್ದರೂ, ತೊಂದರೆ ತಿಂಗಳುಗಟ್ಟಲೆ ಎಳೆಯಬಹುದು. ಎಳೆಯ ವಯಸ್ಸಿನವರಲ್ಲಿ ಅಪರೂಪಕ್ಕೆ ಮಿದುಳು ಊದಿ ಪ್ರಾಣಕ್ಕೇ ಬಂದದ್ದೂ ಇದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2017ರಲ್ಲಿ ನನ್ನ ಜೋಡಿಯಾಗಿ ನಿಂತಿದ್ದ ಹುಡುಗ ನನಗಿಂತ ಹತ್ತು ಕೆಜಿ ಹಗುರ, ಆಗಷ್ಟೇ ಕೆಲಸಕ್ಕೆ ಸೇರಿದ್ದ. ಮೂರನೇ ರೌಂಡಿನಲ್ಲಿ ಅವನ ಜ್ಯಾಬ್ (ನೇರ ಗುದ್ದು) ನನ್ನ ಮೂಗಿಗೆ ತಾಗಿ ಕಣ್ಣಲ್ಲಿ ನೀರು ಬಂತು, ಜತೆಗೆ ಸಿಟ್ಟೂ ಬಂತು. ಆಮೇಲೆ ನಾನು ಹೊಡೆದದ್ದು ಅಭ್ಯಾಸದ ಏಟಲ್ಲ. ಅವನು ಬೀಳಲಿಲ್ಲ, ಗೋಡೆಗೆ ಒರಗಿ ನಕ್ಕ. "ಅಣ್ಣಾ, ಇದು ಎಷ್ಟನೇ ರೌಂಡು?" ಅಂದ. ಮೂರು ಅಂದೆ. ಐದು ನಿಮಿಷದ ಮೇಲೆ ಅದೇ ದನಿಯಲ್ಲಿ ಮತ್ತೆ ಅದನ್ನೇ ಕೇಳಿದ. ಎಡಗೈಗೆ ಸುತ್ತಿದ್ದ ಪಟ್ಟಿ ಪೂರ್ತಿ ಬಿಚ್ಚಿ, ತಿರುಗಿ ಅದೇ ಕೈಗೆ ಸುತ್ತತೊಡಗಿದ. ನಾಲ್ಕೈದು ಜನ ಅಲ್ಲೇ ಇದ್ದೆವು. ಒಬ್ಬರಿಗೂ ಇದು ಏನೋ ಸರಿಯಿಲ್ಲ ಅನ್ನಿಸಲಿಲ್ಲ. ಹೊರಗೆ ಬೈಕಿನ ಹತ್ತಿರ ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಸಲಾಗದೆ ತಡಕಾಡುತ್ತಿದ್ದವನಿಗೆ ನಾನೇ ಸಿಕ್ಕಿಸಿಕೊಟ್ಟು ಕಳಿಸಿದೆ.

ಮನೆ ಸೇರಿದ, ಅದು ಅವನ ಪುಣ್ಯ. ಆದರೆ ಎರಡು ತಿಂಗಳು ಅವನಿಗೆ ಕಂಪ್ಯೂಟರ್ ಮುಂದೆ ಒಂದು ಗಂಟೆ ಕೂರಲು ಆಗಲಿಲ್ಲ. ಮತ್ತೆ ಮ್ಯಾಟಿಗೆ ಬರಲೂ ಇಲ್ಲ. ಕೇಳಿದ್ದನ್ನೇ ಕೇಳುವುದು, ಕೈ ತಡಕಾಡುವುದು, ಇವೆಲ್ಲ ಪಾಠದಂತೆ ಕಣ್ಣೆದುರಿಗಿದ್ದ ಲಕ್ಷಣಗಳು. ಆಗ ನನಗೆ ಅಷ್ಟೂ ಗೊತ್ತಿರಲಿಲ್ಲ. ತಪ್ಪು ನನ್ನದು, ಸಿಟ್ಟಿನಲ್ಲಿ ಹೊಡೆದವನು ನಾನು. ಆದರೆ ಆವತ್ತು ಎಂಟು ಜೋಡಿ ಒಟ್ಟಿಗೆ ಸ್ಪಾರಿಂಗ್ ಮಾಡುತ್ತಿದ್ದಾಗ "ನಿಲ್ಲಿಸು" ಅನ್ನುವವರು ಆ ಹಾಲ್‌ನಲ್ಲಿ ಯಾರೂ ಇರಲಿಲ್ಲ ಅನ್ನುವುದೂ ನಿಜ.

ಅಂದಿನಿಂದ ಯಾವ ಕ್ಲಾಸಿಗೆ ಹೋದರೂ ನಾನು ನೋಡುವುದು ಇದೊಂದನ್ನೇ, ಇಲ್ಲಿ ನಿಲ್ಲಿಸುವವರು ಯಾರು? ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ಜಟ್ಟಿ ಕಾಳಗ ನೀವು ಟೀವಿಯಲ್ಲಾದರೂ ನೋಡಿರುತ್ತೀರಿ. ಬೋಳಿಸಿದ ತಲೆ, ಬೆರಳಿಗೆ ಸಿಕ್ಕಿಸಿದ ಮೊನಚಾದ ವಜ್ರಮುಷ್ಟಿ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೂ ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಕಂಡ ಕ್ಷಣ ಕಾಳಗ ಮುಗಿಯುತ್ತದೆ, ಪಕ್ಕದಲ್ಲೇ ನಿಂತ ಹಿರಿಯರು ಇಬ್ಬರನ್ನೂ ಬಿಡಿಸುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನ ಕರಾಟೆಯಲ್ಲೂ ಹಾಗೇ ಆಯಿತು. 2021ರ ಆಗಸ್ಟ್‌ನಲ್ಲಿ ನಡೆದ 75 ಕೆಜಿ ಮೇಲಿನವರ ಫೈನಲ್‌ನಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೆದಿ 4-1ರಿಂದ ಮುಂದಿದ್ದರು. ಅವರ ಒದೆತ ತಲೆಗೆ ಬಿದ್ದು ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿದರು. ಚಿನ್ನ ಹೋದದ್ದು ಕೆಳಗೆ ಬಿದ್ದವರಿಗೆ, ಹಿಡಿತವಿಲ್ಲದೆ ಹೊಡೆದದ್ದಕ್ಕೆ ಹಮೆದಿ ಅನರ್ಹರಾದರು. ಬಹಳ ಜನ ಇದು ಅನ್ಯಾಯ ಅಂದರು. ನನಗೆ ಹಾಗನ್ನಿಸಲಿಲ್ಲ. ಏಟನ್ನು ಹಿಡಿತದಲ್ಲಿಡಲು ಬರಬೇಕು ಅನ್ನುವುದನ್ನೇ ಅಲ್ಲವೇ ನಮಗೆ ಮೊದಲ ದಿನದಿಂದ ಕಲಿಸುವುದು?

ನಿಮ್ಮ ಕ್ಲಾಸನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. ರೌಂಡ್ ಶುರುವಾಗುವ ಮೊದಲು ಎಷ್ಟು ಜೋರು ಅಂತ ಇಬ್ಬರೂ ಮಾತಾಡಿಕೊಳ್ಳುತ್ತಾರಾ? ತೂಕ, ಅನುಭವ ನೋಡಿ ಜೋಡಿ ಮಾಡುತ್ತಾರಾ? ಒಬ್ಬನ ಏಟು ಬಿರುಸಾದರೆ ಮಾಸ್ಟರ್ ಬಂದು ರೌಂಡ್ ನಿಲ್ಲಿಸುತ್ತಾರಾ, ಇಲ್ಲ ಮೊಬೈಲ್ ನೋಡುತ್ತಿರುತ್ತಾರಾ? ಸ್ಪಾರಿಂಗಿಗೆ ದಪ್ಪ ಮೆತ್ತೆಯ 16 ಔನ್ಸ್ ಗ್ಲೌಸ್ ಕಡ್ಡಾಯವಾ? ಹೆಡ್‌ಗಾರ್ಡ್ ಇದೆಯಲ್ಲ ಅನ್ನುವ ಧೈರ್ಯ ಬೇಡ. ಅದು ಹುಬ್ಬು ಸೀಳದಂತೆ, ತರಚದಂತೆ ಕಾಯುತ್ತದೆ. ಏಟಿಗೆ ತಲೆ ಗಕ್ಕನೆ ಪಕ್ಕಕ್ಕೆ ಹೊರಳುವುದನ್ನು ತಡೆಯುವುದಿಲ್ಲ. ಎಷ್ಟೋ ಸಲ ಅದನ್ನು ಹಾಕಿಕೊಂಡವರಿಗೇ ಜೋರಾಗಿ ಹೊಡೆಯುತ್ತಾರೆ.

ಮುಂದೆ ಪಂದ್ಯಕ್ಕೆ ಹೆಸರು ಕೊಡುವ ಆಸೆಯಿದ್ದರೆ ರಿಂಗ್ ಪಕ್ಕ ವೈದ್ಯರು, ಬಾಗಿಲಲ್ಲಿ ಆ್ಯಂಬುಲೆನ್ಸ್ ಇಲ್ಲದ ಕಡೆ ಆಡಬೇಡಿ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಏಟು ತಿಂದು ಕುಸಿದ ಮೈಸೂರಿನ ಯುವಕ ಕೆಲವೇ ದಿನಗಳಲ್ಲಿ ತೀರಿಕೊಂಡದ್ದು ನಿಮಗೂ ನೆನಪಿರಬಹುದು. ಸುರಕ್ಷತೆಯ ಏರ್ಪಾಡು ಸರಿಯಿರಲಿಲ್ಲ ಎಂದು ಮನೆಯವರು ದೂರು ಕೊಟ್ಟಿದ್ದರು. ನಮ್ಮ ವಲಯದಲ್ಲಿ ಆ ಸುದ್ದಿ ಎರಡು ವಾರ ಓಡಾಡಿ ಮರೆತುಹೋಯಿತು, ಅದೇ ನನಗೆ ಸಂಕಟ.

ಇನ್ನು ವಾಪಸ್ ಹೋಗುವುದು ಯಾವಾಗ ಅನ್ನುವ ಪ್ರಶ್ನೆ. ಪೆಟ್ಟಾದ ಮೊದಲ ಒಂದೆರಡು ದಿನ ವಿಶ್ರಾಂತಿ, ಫೋನು ಲ್ಯಾಪ್‌ಟಾಪ್ ಆದಷ್ಟು ಕಮ್ಮಿ ಅಂತ ಈಗಿನ ವೈದ್ಯರ ಸಲಹೆ. ಹಾಗಂತ ಕತ್ತಲೆ ಕೋಣೆಯಲ್ಲಿ ಮಲಗಿರಬೇಕಿಲ್ಲ, ನಿಧಾನ ನಡೆಯಬಹುದು. ಆಮೇಲೆ ಬಿರುಸು ನಡಿಗೆ ಅಥವಾ ಸೈಕಲ್, ಮುಂದೆ ಸ್ಕಿಪ್ಪಿಂಗ್ ಮತ್ತು ಶ್ಯಾಡೋ (ಎದುರಾಳಿಯಿಲ್ಲದೆ ಗಾಳಿಯಲ್ಲಿ ಗುದ್ದುವುದು), ಅದರ ಮುಂದೆ ಬ್ಯಾಗ್, ಪ್ಯಾಡ್. ಒಂದೊಂದು ಮೆಟ್ಟಿಲಿಗೂ ಕಡಿಮೆಯೆಂದರೆ ಒಂದು ದಿನ. ತಲೆಭಾರ ಹೆಚ್ಚಾದರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಎಲ್ಲ ಲಕ್ಷಣ ಹೋಗಿ, ಡಾಕ್ಟರ್ ಸರಿ ಅಂದ ಮೇಲಷ್ಟೇ ಸ್ಪಾರಿಂಗ್. ಹವ್ಯಾಸಿ ಬಾಕ್ಸಿಂಗ್‌ನ ಅಂತರರಾಷ್ಟ್ರೀಯ ನಿಯಮದಲ್ಲಿ ತಲೆಗೆ ಬಿದ್ದ ಏಟಿನಿಂದ ಪಂದ್ಯ ನಿಂತರೆ ಕನಿಷ್ಠ 30 ದಿನ ರಿಂಗಿಗೆ ಇಳಿಯುವಂತಿಲ್ಲ, ಪ್ರಜ್ಞೆ ತಪ್ಪಿದ್ದರೆ 90 ದಿನ. ನಮ್ಮಂಥವರಿಗೂ ಆ ಒಂದು ತಿಂಗಳು ಒಳ್ಳೆಯ ಅಳತೆ.

ಉಳಿದ ಪೆಟ್ಟುಗಳಿಗೆ ಇಷ್ಟು ಹೆದರಬೇಕಿಲ್ಲ. ಕಾಲ್ಬೆರಳು ಉಳುಕಿದರೆ ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ. ಹಿಮ್ಮಡಿ ಗಂಟು ಹೊರಳಿ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಎಕ್ಸ್‌ರೇ ತೆಗೆಸಿ. ಕಿರುಬೆರಳಿನ ಗೆಣ್ಣು ಒಳಗೆ ಕುಸಿದಂತೆ ಕಂಡರೆ ಅಂಗೈ ಮೂಳೆ ಮುರಿದಿರುವ ಸಂಭವ ಹೆಚ್ಚು, ಅದಕ್ಕೇ ಕೈಗೆ ಪಟ್ಟಿ ಸರಿಯಾಗಿ ಸುತ್ತಲು ಕಲಿಯಿರಿ. ಮೌತ್‌ಗಾರ್ಡ್ ಇಲ್ಲದೆ ಒಂದು ರೌಂಡೂ ಬೇಡ. ಹಲ್ಲು ಕಿತ್ತು ಬಂದರೆ ಬೇರು ಮುಟ್ಟದೆ, ಉಜ್ಜದೆ ಹಾಲಿನಲ್ಲಿ ಹಾಕಿಕೊಂಡು ತಡಮಾಡದೆ ದಂತವೈದ್ಯರ ಹತ್ತಿರ ಓಡಿ, ಎಷ್ಟು ಬೇಗ ಹೋದರೆ ಉಳಿಯುವ ಸಾಧ್ಯತೆ ಅಷ್ಟು ಹೆಚ್ಚು.

ಮಾಸ್ಟರಿಗೆ ಫೋನ್ ಮಾಡಿ "ಸರ್, ತಲೆಗೆ ಪೆಟ್ಟಾಗಿದೆ, ಡಾಕ್ಟರ್ ಹೇಳುವವರೆಗೆ ಸ್ಪಾರಿಂಗ್ ಮಾಡಲ್ಲ" ಅಂತ ನೇರವಾಗಿ ಹೇಳಿ. ಆಗಲಿ ಅಂದರೆ ಅಲ್ಲೇ ಮುಂದುವರಿಸಿ. ಮುಖ ಗಂಟಿಕ್ಕಿಕೊಂಡರೆ ಬೇರೆ ಕ್ಲಾಸ್ ಹುಡುಕಿ. ಡಾಕ್ಟರ್ ಸರಿ ಅನ್ನುವವರೆಗೆ ಬೈಕ್ ಓಡಿಸಬೇಡಿ. ನಾಳೆ ಆಸ್ಪತ್ರೆಗೂ ಮನೆಯಲ್ಲಿ ಯಾರನ್ನಾದರೂ ಜತೆಗೆ ಕರೆದುಕೊಂಡು ಹೋಗಿ. ಡಾಕ್ಟರ್ ಏನಂದರು ಅಂತ ಇದರ ಕೆಳಗೆ ಬರೆಯಿರಿ, ನೋಡುತ್ತಿರುತ್ತೇನೆ.