ದರ ಇಳಿಸಿದರೆ ಚಿತ್ರ ಮಾರಾಟವಾಗುತ್ತಾ?

ಪ್ರಶ್ನೆ: ನಾನು ಚಿಕ್ಕಮಗಳೂರಿನವಳು. ಮಲೆನಾಡಿನ ಚಿತ್ರಗಳನ್ನು ಜಲವರ್ಣದಲ್ಲಿ ಬರೆದು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಸ್ವಂತ ವೆಬ್‌ಸೈಟ್ ಇದೆ, ಇನ್‌ಸ್ಟಾಗ್ರಾಂ ಪುಟವೂ ಇದೆ. ಮೂಲ ಚಿತ್ರಕ್ಕೆ ನಾಲ್ಕೈದು ಸಾವಿರ, ಎ4 ಅಳತೆಯ ಪ್ರಿಂಟ್‌ಗೆ 450 ರೂಪಾಯಿ. ಮೊದಲೆಲ್ಲ ತಿಂಗಳಿಗೆ ಹದಿನೈದು, ಇಪ್ಪತ್ತು ಪ್ರಿಂಟ್ ಹೋಗುತ್ತಿದ್ದವು. ಈಗ ಎರಡೋ ಮೂರೋ ಅಷ್ಟೆ. ಗಿರಾಕಿಗಳಲ್ಲಿ ಬೆಂಗಳೂರಿನವರೇ ಜಾಸ್ತಿ. ಕೆಲಸದ ಭಯ, ಸಾಲದ ಕಂತು ಅಂತ ಎಲ್ಲರೂ ಕೈ ಬಿಗಿ ಹಿಡಿದಿದ್ದಾರೆ. ಶೇ 30 ರಿಯಾಯಿತಿ ಹಾಕಿದೆ, ಜಾಹೀರಾತಿಗೂ ದುಡ್ಡು ಸುರಿದೆ. ಲೈಕ್ ಬಂತು, ಆರ್ಡರ್ ಬರಲಿಲ್ಲ. ದೊಡ್ಡ ಆನ್‌ಲೈನ್ ಮಾರುಕಟ್ಟೆಗೆ ಸೇರಲಾ? ಮಗ್, ಟೀ ಶರ್ಟ್ ಮೇಲೆ ಚಿತ್ರ ಹಾಕಿಸಲಾ? ಮನೆಯಲ್ಲಂತೂ ‘ಸಾಕು, ಮುಚ್ಚು’ ಅಂತಿದ್ದಾರೆ.

ಉತ್ತರ: ಮೊದಲು ಆ ರಿಯಾಯಿತಿ ತೆಗೆದುಹಾಕಿ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ. ಒಳ್ಳೆ ಕಾಗದ, ಪ್ರಿಂಟ್, ರಟ್ಟು, ಕವರ್, ಅಂಚೆ ಎಲ್ಲ ಸೇರಿ ಒಂದು ಪ್ರಿಂಟ್‌ಗೆ ನಿಮಗೆ 250 ರೂಪಾಯಿ ಬೀಳುತ್ತದೆ ಅಂತಿಟ್ಟುಕೊಳ್ಳಿ. 450ಕ್ಕೆ ಮಾರಿದರೆ 200 ಉಳಿಯುತ್ತದೆ. ಶೇ 30 ಬಿಟ್ಟರೆ ಬೆಲೆ 315. ಉಳಿಯುವುದು 65. ಅಂದರೆ ಮೊದಲಿನಷ್ಟೇ ದುಡ್ಡು ಕಾಣಬೇಕಾದರೆ ಮೂರು ಪಟ್ಟು ಪ್ರಿಂಟ್ ಮಾರಬೇಕು. ಮಾರಾಟ ಬಿದ್ದುಹೋಗಿರುವಾಗ ಮೂರು ಪಟ್ಟು ಎಲ್ಲಿಂದ ತರುತ್ತೀರಿ? ಈ 65ರಲ್ಲೇ ಜಾಹೀರಾತಿನ ಖರ್ಚೂ ಹೋಗಬೇಕು. ನಿಮ್ಮ ಖರ್ಚು ನನ್ನ ಅಂದಾಜಿಗಿಂತ ಹೆಚ್ಚು ಕಡಿಮೆ ಇರಬಹುದು. ಇವತ್ತೇ ಕೂತು ಬರೆದು ನೋಡಿ.

ಇನ್ನೊಂದು ವಿಷಯ. ಕೆಲಸದ ಭಯ ಇರುವವರು 135 ರೂಪಾಯಿ ಉಳಿಯಿತು ಅಂತ ಗೋಡೆಗೆ ಚಿತ್ರ ಕೊಳ್ಳುವುದಿಲ್ಲ. ಚಿತ್ರವನ್ನೇ ಮುಂದಕ್ಕೆ ಹಾಕುತ್ತಾರೆ. ಆದರೆ ಗೆಳತಿಯ ಗೃಹಪ್ರವೇಶಕ್ಕೆ ಬರಿಗೈಲಿ ಹೋಗುತ್ತಾರಾ? ಇಲ್ಲ ಅಲ್ವಾ. ಎರಡು ಸಾವಿರದ ಉಡುಗೊರೆ ಕೊಡುವ ಕಡೆ ಐನೂರರದ್ದು ಹುಡುಕುತ್ತಾರೆ. ಆ ಐನೂರರ ಜಾಗದಲ್ಲಿ ನಿಮ್ಮ ಚಿತ್ರ ಇರಬೇಕು. ಹಾಗಾಗಿ ವೆಬ್‌ಸೈಟಿನಲ್ಲಿ ‘ಜಲವರ್ಣ’, ‘ಪ್ರಿಂಟ್’ ಅಂತ ವಿಂಗಡಿಸಿದ್ದರೆ ಬದಲಾಯಿಸಿ. ಗೃಹಪ್ರವೇಶಕ್ಕೆ, ಮದುವೆಗೆ, ನಿವೃತ್ತಿಗೆ ಅಂತ ಹಾಕಿ. ಪುಟ್ಟ ಫ್ರೇಮ್‌ಗೆ ಸರಿಯಾಗಿ ಕೂರುವ ಎ5 ಅಳತೆಯಲ್ಲೂ ಒಂದಷ್ಟು ತನ್ನಿ. ಜೊತೆಗೆ ಕೈಯಲ್ಲಿ ಬರೆದ ಎರಡು ಸಾಲಿನ ಚೀಟಿ ಇಡುತ್ತೇನೆ ಅಂತ ಹೇಳಿ. ಅದಕ್ಕೆ ಖರ್ಚಿಲ್ಲ, ಕೊಳ್ಳುವವರಿಗೆ ಮಾತ್ರ ಅದು ದೊಡ್ಡ ವಿಷಯ.

ಕಷ್ಟಕಾಲದಲ್ಲಿ ಗುರುತಿಲ್ಲದವರು ನಿಮ್ಮಿಂದ ಕೊಳ್ಳುವುದು ಕಡಿಮೆ. ಗುರುತಿರುವವರು ಕೊಳ್ಳುತ್ತಾರೆ. ಜಾಹೀರಾತು ಗುರುತಿಲ್ಲದವರನ್ನು ಹುಡುಕುವ ದಾರಿ, ಅದನ್ನು ಸದ್ಯಕ್ಕೆ ನಿಲ್ಲಿಸಿ. ಇಲ್ಲಿಯವರೆಗೆ ನಿಮ್ಮಿಂದ ಕೊಂಡವರ ಪಟ್ಟಿ ತೆಗೆಯಿರಿ. ಅಂಚೆ ವಿಳಾಸ ಬರೆದಿರುತ್ತೀರಲ್ಲ, ಆರ್ಡರ್‌ನಲ್ಲಿ ಫೋನ್ ನಂಬರೂ ಇರುತ್ತದೆ. ಎಲ್ಲರಿಗೂ ಒಂದೇ ಸಂದೇಶ ತಳ್ಳಬೇಡಿ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಹೇಗೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುವುದು. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಿರಿ: ‘ನೀವು ಮುಳ್ಳಯ್ಯನಗಿರಿ ಚಿತ್ರ ತಗೊಂಡಿದ್ರಿ, ಅದೇ ಬೆಟ್ಟ ಮಳೆಗಾಲದಲ್ಲಿ ಹೇಗಿರುತ್ತೆ ಅಂತ ಈಗ ಬರೆದಿದ್ದೇನೆ’ ಅಂತ. ಕೊಳ್ಳಿ ಅನ್ನಬೇಡಿ, ಚಿತ್ರ ತೋರಿಸಿ ಸುಮ್ನಿರಿ. ಹತ್ತು ಜನರಲ್ಲಿ ಒಬ್ಬಿಬ್ಬರು ಮಾತು ಮುಂದುವರಿಸಿದರೂ ಜಾಹೀರಾತಿಗಿಂತ ಲಾಭ.

ಈಗ ನನಗೆ ನಿಜವಾಗಿ ಆಸೆ ಹುಟ್ಟಿಸಿದ ದಾರಿ ಹೇಳುತ್ತೇನೆ. ನೀವು ಇರುವ ಊರನ್ನೇ ಮರೆತಿದ್ದೀರಿ ಅನ್ನಿಸುತ್ತದೆ. ನಿಮ್ಮ ಸುತ್ತ ಹಳೆಯ ತೊಟ್ಟಿ ಮನೆಗಳು ಎಷ್ಟಿವೆ! ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದಾರೆ. ಮನೆಗೆ ಬೀಗ, ಇಲ್ಲವೇ ಅಪ್ಪ ಅಮ್ಮ ಇಬ್ಬರೇ. ಕೆಲವು ಮನೆ ಬಿದ್ದೇ ಹೋಗಿವೆ, ಫೋಟೋ ಮಾತ್ರ ಉಳಿದಿದೆ. ಆ ಮನೆಯ ಚಿತ್ರ ಬರೆದುಕೊಡುತ್ತೇನೆ ಅಂತ ಹೇಳಿ ನೋಡಿ. ಕಾಡು, ಮಂಜು, ಕಾಫಿ ಹೂವಿನ ಚಿತ್ರ ಬೇರೆಯವರೂ ಮಾರುತ್ತಾರೆ. ಅವರ ಅಜ್ಜನ ಮನೆಯ ಚಿತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಹಾಗಾಗಿ ಬೆಲೆ ಹೋಲಿಸುವ ಮಾತೇ ಇಲ್ಲ. ಇದಕ್ಕೆ ನೀವು ನಾಲ್ಕೈದು ಸಾವಿರಕ್ಕಿಂತ ಜಾಸ್ತಿಯೇ ಕೇಳಬಹುದು. ಅಣ್ಣತಮ್ಮಂದಿರು ನಾಲ್ಕು ಜನ ಇದ್ದರೆ ಮೂಲ ಚಿತ್ರ ಒಬ್ಬರಿಗೆ, ಪ್ರಿಂಟ್ ಉಳಿದ ಮೂವರಿಗೆ.

ಆದರೆ ಇದರಲ್ಲಿ ತಕರಾರೂ ಇದೆ. ಫೋಟೋದಲ್ಲಿ ಇಲ್ಲದ ಬಾವಿ ಸೇರಿಸಿ, ಕಾಫಿ ಒಣಗಿಸುವ ಕಣ ತೋರಿಸಿ, ಅಜ್ಜಿ ಜಗುಲಿ ಮೇಲೆ ಕೂತಿರಬೇಕು ಅಂತ ಒಂದೊಂದೇ ಬರುತ್ತವೆ. ಹಾಗಾಗಿ ಮೊದಲೇ ಮಾತಾಡಿಕೊಳ್ಳಿ. ಅರ್ಧ ದುಡ್ಡು ಮುಂಗಡ. ಪೆನ್ಸಿಲ್ ಕರಡು ಒಪ್ಪಿದ ಮೇಲೆಯೇ ಬಣ್ಣ. ಬಣ್ಣ ಹಾಕಿದ ಮೇಲೆ ಬದಲಾವಣೆ ಇಲ್ಲ. ಜಲವರ್ಣದಲ್ಲಿ ತಿದ್ದುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು, ಅವರಿಗೆ ಗೊತ್ತಿರುವುದಿಲ್ಲ. ಕೇಳುವ ಕಾಲವೂ ಮುಖ್ಯ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು, ರೊಬಸ್ಟಾ ಅದರ ಹಿಂದೆ. ಕೊಯ್ಲಿನ ನಡುವೆ ತೋಟದವರಿಗೆ ಆಳು ಹುಡುಕುವುದೇ ಚಿಂತೆ. ಕಾಫಿ ಮಾರಿ ಕೈಗೆ ದುಡ್ಡು ಬಂದ ಮೇಲೆ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಕಾಯುವ ಹೊತ್ತಿಗೆ ಹೋಗಿ ಕೇಳಿ.

ಹೋಂಸ್ಟೇಗಳದ್ದು ಎರಡನೇ ದಾರಿ. ಬೆಂಗಳೂರಿನವರು ಹೊಸ ಫ್ರಿಜ್ ಕೊಳ್ಳುವುದನ್ನು ಬಿಟ್ಟರೂ ಶನಿವಾರ, ಭಾನುವಾರ ನಿಮ್ಮ ಕಡೆ ಬರುವುದನ್ನು ಪೂರ್ತಿ ಬಿಟ್ಟಿಲ್ಲ. ಮೂರು ನಾಲ್ಕು ಹೋಂಸ್ಟೇ ಆರಿಸಿಕೊಳ್ಳಿ. ಊಟದ ಕೋಣೆಯ ಗೋಡೆಗೆ ನಿಮ್ಮದೇ ಖರ್ಚಿನಲ್ಲಿ ಒಂದು ಫ್ರೇಮ್ ಹಾಕಿಸಿ, ಕೆಳಗೆ ಕ್ಯೂಆರ್ ಕೋಡ್ ಇಡಿ. ಕೌಂಟರ್ ಮೇಲೆ ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟ್‌ಗಳು, ಬೆಲೆ ಐವತ್ತೋ ಅರವತ್ತೋ. ಮಾರಿದ್ದಕ್ಕೆ ಮಾತ್ರ ಅವರಿಗೆ ಪಾಲು. ಎಷ್ಟು ಕೊಟ್ಟಿರಿ, ಎಷ್ಟು ಉಳಿದಿದೆ ಅಂತ ಒಂದು ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಗುರುತಿನವರು ಅಂತ ಇದನ್ನು ಬಿಟ್ಟರೆ ಕೊನೆಗೆ ಸ್ನೇಹವೂ ಹೋಗುತ್ತದೆ, ಕಾರ್ಡೂ ಹೋಗುತ್ತದೆ.

ದೊಡ್ಡ ಆನ್‌ಲೈನ್ ಮಾರುಕಟ್ಟೆ? ನಿಮ್ಮ ಬೆಲೆಗೆ ಅದು ಹೊಂದುವುದಿಲ್ಲ. ಕಮಿಷನ್, ಸಾಗಾಟ, ವಾಪಸ್ ಬಂದ ಮಾಲು ಎಲ್ಲ ಕಳೆದರೆ 450ರಲ್ಲಿ ಏನೂ ಉಳಿಯದೇ ಹೋಗಬಹುದು. ತೆರಿಗೆಯ ಮಾತೂ ಇದೆ. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆಯೂ ಇಂಥ ತಾಣಗಳಲ್ಲಿ ಸರಕು ಮಾರಬಹುದು. ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಸಂಖ್ಯೆ ಪಡೆದರೆ ಸಾಕು. ಆದರೆ ಅದು ರಾಜ್ಯದ ಒಳಗಿನ ಮಾರಾಟಕ್ಕೆ ಮಾತ್ರ. ಹೊರ ರಾಜ್ಯಕ್ಕೆ ಕಳಿಸುವ ಮುಂಚೆ, ನಿಮ್ಮ ವೆಬ್‌ಸೈಟಿನಿಂದಲೇ ಆದರೂ, ಒಬ್ಬ ತೆರಿಗೆ ಸಲಹೆಗಾರರನ್ನು ಕೇಳಿ.

ಮಗ್, ಟೀ ಶರ್ಟ್ ಬೇಡ. ಅಳತೆ, ಬಣ್ಣ ಅಂತ ಮಾಲು ಕೂಡಿಹಾಕಿ ದುಡ್ಡು ಸಿಕ್ಕಿಸಿಕೊಳ್ಳುವ ಕಾಲ ಇದಲ್ಲ.

ನಿಮ್ಮ ಊರಿನ ಮಳೆಯನ್ನು ಮಾತ್ರ ಹಗುರವಾಗಿ ತಗೋಬೇಡಿ. ಜೂನ್‌ನಿಂದ ಕಾಗದ ತೇವ ಹೀರಿ ಸುರುಟುತ್ತದೆ, ಬೂಷ್ಟು ಹಿಡಿಯುತ್ತದೆ. ಪ್ರಿಂಟ್‌ಗಳನ್ನು ಒಂದೇ ಸಲ ನೂರು ಮಾಡಿಸಬೇಡಿ, ಹತ್ತು ಹತ್ತು ಮಾಡಿಸಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಕಳಿಸುವಾಗ ಮೊದಲು ಪ್ಲಾಸ್ಟಿಕ್ ಕವರ್, ಆಮೇಲೆ ಎರಡು ರಟ್ಟಿನ ನಡುವೆ. ಗಾಜಿನ ಫ್ರೇಮ್ ಅಂಚೆಗೆ ಹಾಕಲೇಬೇಡಿ.

ಮುಚ್ಚುವ ವಿಷಯ. ಮುಚ್ಚಿ ಅಂತ ಹೇಳುವಷ್ಟು ಕೆಟ್ಟಿಲ್ಲ, ಸಾಲ ಮಾಡಿ ಬೆಳೆಸಿ ಅಂತ ಹೇಳುವಷ್ಟು ಚೆನ್ನಾಗಿಯೂ ಇಲ್ಲ. ಮುದ್ರಾ ಸಾಲದಲ್ಲಿ ‘ಶಿಶು’ ಹೆಸರಿನಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ, ನಿಜ. ಆದರೆ ನಿಮಗೆ ಕಮ್ಮಿಯಾಗಿರುವುದು ಬಂಡವಾಳ ಅಲ್ಲ, ಗಿರಾಕಿ. ಸಾಲ ತಗೊಂಡರೆ ಕಂತು ತಿಂಗಳು ತಿಂಗಳು ಬರುತ್ತದೆ, ಗಿರಾಕಿ ಹಾಗೆ ಬರುವುದಿಲ್ಲ. ಈ ಕೊಯ್ಲು ಮುಗಿದು ಮಳೆ ಶುರುವಾಗುವವರೆಗೆ ಮನೆ ಚಿತ್ರಗಳ ಆರ್ಡರ್ ಹಿಡಿದು ನೋಡಿ. ಅಷ್ಟರಲ್ಲಿ ವೆಬ್‌ಸೈಟಿನ ಖರ್ಚೂ ಹುಟ್ಟದಿದ್ದರೆ ಅದನ್ನು ಬಿಟ್ಟು ಇನ್‌ಸ್ಟಾಗ್ರಾಂ, ಯುಪಿಐನಲ್ಲೇ ನಡೆಸಿ.

ಪ್ರಶ್ನೆ: ನಾನು ಹಾಸನದಲ್ಲಿ ಓದುತ್ತಿರುವ ವಿದ್ಯಾರ್ಥಿ. ಬೇಲೂರಿನ ಮದನಿಕೆಯರ ಪೆನ್ಸಿಲ್ ಚಿತ್ರ ಬರೆದು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಅಂತರ್ಜಾಲದಲ್ಲಿ ಸಿಗುವ ಫೋಟೋ ನೋಡಿ ಬರೆಯುತ್ತೇನೆ. ಇದರಿಂದ ತೊಂದರೆ ಆಗುತ್ತಾ ಸರ್?

ಉತ್ತರ: ಶಿಲ್ಪದಿಂದ ಇಲ್ಲ, ಫೋಟೋದಿಂದ ಆಗಬಹುದು. ಬೇಲೂರಿನ ದೇವಸ್ಥಾನ 1117ರದ್ದು, ಶಿಲ್ಪದ ಮೇಲೆ ಯಾರಿಗೂ ಹಕ್ಕುಸ್ವಾಮ್ಯ ಉಳಿದಿಲ್ಲ. ಫೋಟೋ ಹಾಗಲ್ಲ. ನಮ್ಮ ಕಾಯ್ದೆಯಲ್ಲಿ ಫೋಟೋ ತೆಗೆದವರು ಬದುಕಿರುವವರೆಗೆ, ಅವರು ತೀರಿಕೊಂಡ ಮೇಲೂ 60 ವರ್ಷ ಅದಕ್ಕೆ ರಕ್ಷಣೆ ಇದೆ. ಒಬ್ಬರ ಫೋಟೋದ ಕೋನ, ನೆರಳು, ಬೆಳಕು ಹಾಗೇ ಇಳಿಸಿ ಮಾರಿದರೆ ಅವರು ಆಕ್ಷೇಪ ಎತ್ತಬಹುದು. ಹಾಸನದಿಂದ ಬೇಲೂರಿಗೆ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಹೋಗಿ, ನಿಮ್ಮ ಮೊಬೈಲ್‌ನಲ್ಲೇ ಫೋಟೋ ತೆಗೆದುಕೊಳ್ಳಿ. ಸಾಧ್ಯವಾದರೆ ಅಲ್ಲೇ ಕೂತು ಒಂದು ಕರಡು ಬರೆಯಿರಿ, ಆ ಕರಡಿನ ಫೋಟೋವನ್ನು ಮಾರುವ ಚಿತ್ರದ ಪಕ್ಕ ಹಾಕಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿವೆ. ದೂರದಿಂದ ಬಂದು ನೋಡಿ ಹೋದವರೇ ನಿಮ್ಮ ಗಿರಾಕಿಗಳು. ಎಲ್ಲರೂ ಬರೆಯುವ ದರ್ಪಣ ಸುಂದರಿಯ ಜೊತೆಗೆ ಬೇರೆ ಮದನಿಕೆಯರನ್ನೂ ಬರೆಯಿರಿ, ಯಾವ ಗೋಡೆಯಲ್ಲಿ ಎಲ್ಲಿದ್ದಾಳೆ ಅಂತ ಹಿಂದೆ ಒಂದು ಸಾಲು ಹಾಕಿ.